ಉಪ್ಪು ಹಾಕದ ಬರ್ಫ

ಏಪ್ರಿಲ್ 12, ಸಂಜೆ. ಖಾನಾಪುರ

ಹನಿ ಹಾಕಿದ್ದಾಯಿತು. ಇನ್ನು ಎಂಟಕ್ಕೆ. ಅಮ್ಮಿಗೆ ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕುಳಿತೇ ದರ್ಬಾರು ನಡೆಸುತ್ತಾಳೆ. ಅಬ್ಬಾ ಲಾರಿಯ ಮೇಲೆ, ಎಲ್ಲೋ ಹುಬ್ಬಳ್ಳಿಯ ಆಚೆ. ಹಾಗಾಗಿ ಕಾಂಪೌಂಡರ್ ನಾನೇ. ಕಾಲೇಜಿಗೆ ರಜೆ, ಸದ್ಯ.

ಮನೆಯ ಮಾತು ಉರ್ದು. ಇಲ್ಲಿ ಬರೆಯುವುದು ಮಾತ್ರ ಕನ್ನಡ, ಎಲ್ಲರ ಮಾತನ್ನೂ ಕನ್ನಡ ಮಾಡಿಯೇ. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಡೈರಿ ಸೇಫ್.

ಮೂರನೆಯ ಡೋಸ್ ಹತ್ತಿರ ಬಂತು. ಹೆಪಟೈಟಿಸ್ ಬಿ, ಅಮ್ಮಿಯ ಭಾಷೆಯಲ್ಲಿ ‘ಕಾಮಾಲೆ ಸೂಜಿ’. ಮೊದಲೆರಡು ಬೆಳಗಾವಿಯಲ್ಲಿ, ಕಾಲೇಜಿನಲ್ಲೇ ಆದವು. ಮೊದಲ ಸಲ ಎಚ್ಚರ ತಪ್ಪಿ ಬಿದ್ದೆ. ಲ್ಯಾಬ್ ಟೆಕ್ನಾಲಜಿ ಓದುವವಳು, ನಾಳೆ ಊರಿನವರ ರಕ್ತ ತೆಗೆಯಬೇಕಾದವಳು, ಸೂಜಿ ಕಂಡು ಬಿದ್ದಳು! ಕ್ಲಾಸಿಗೆ ಕ್ಲಾಸೇ ನಕ್ಕಿತು. ಕೇತಕಿ ಮೇಡಂ ಮಾತ್ರ ನಗಲಿಲ್ಲ. ಲಿಂಬು ಶರಬತ್ತು ತರಿಸಿ ಕುಡಿಸಿದರು. ಆ ಲೋಟ ಇನ್ನೂ ನೆನಪಿದೆ.

ಆದರೆ ನಿಯಮದ ವಿಷಯದಲ್ಲಿ ಅದೇ ಮೇಡಂ ಕಲ್ಲು. ಮೂರೂ ಡೋಸ್ ಆಗದವರ ಕೈಗೆ ಸೂಜಿ ಕೊಡುವುದಿಲ್ಲ. ಮೇ 2ಕ್ಕೆ ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ ಪೋಸ್ಟಿಂಗ್. ಏಪ್ರಿಲ್ 30ರೊಳಗೆ ಲಸಿಕೆಯ ಕಾರ್ಡ್ ತೋರಿಸದಿದ್ದರೆ ಮುಂದಿನ ವರ್ಷದವರ ಜೊತೆ. ಒಂದು ವರ್ಷ… ಬೇಡ, ಬರೆಯುವುದೂ ಬೇಡ.

ಏಪ್ರಿಲ್ 16

ಕ್ಲಿನಿಕ್‌ನ ಪ್ರಮಿಳಾ ಸಿಸ್ಟರ್ ಒಪ್ಪಿದರು. “ಬಾಟ್ಲಿ ನೀ ತಂದ್ಕೊಡವಾ, ನಾ ಹಾಕ್ತೀನಿ. ನಮ್ಮಲ್ಲಿ ದೊಡ್ಡವರದ್ದು ಇಲ್ಲ.” ಇಲ್ಲಿನ ಅಂಗಡಿಯಲ್ಲೂ ಇಲ್ಲ. ಬೆಳಗಾವಿಯಿಂದಲೇ ತರಬೇಕು. ಅಮ್ಮಿಯನ್ನು ಬಿಟ್ಟು ಹೇಗೆ ಹೋಗಲಿ ಅನ್ನುವಷ್ಟರಲ್ಲಿ ಕಲಂದರ ಮಾಮಾ ಬಂದ.

ಮಾಮಾ ಅಮ್ಮಿಯ ತಮ್ಮ. ಬಸ್ ಸ್ಟ್ಯಾಂಡ್ ಹತ್ತಿರ ಗಾಡಿಯಲ್ಲಿ ಮಟಕಾ ಕುಲ್ಫಿ ಮಾರುತ್ತಾನೆ. ಕೆಂಪು ಬಟ್ಟೆ ಸುತ್ತಿದ ಮಡಕೆ, ಒಳಗೆ ಮಂಜುಗಡ್ಡೆ, ಅವನ ಬಾಯಲ್ಲಿ ಬರ್ಫ, ಬರ್ಫಕ್ಕೆ ಉಪ್ಪು. ಉಪ್ಪು ಬಿದ್ದರೇ ಕುಲ್ಫಿ ಕಲ್ಲಾಗುವುದು.

“ನೀ ಯಾಕ ಬಿಸಲಾಗ ಹೋಗ್ತಿ? ನಾ ನಾಳಿ ಹೆಂಗೂ ಬೆಳಗಾವಿ ಖಾಸಬಾಗಕ್ಕ ಹೊಂಟೇನಿ, ಪಿಸ್ತಾ ತರಾಕ.”

“ಥಂಡ ಇಟ್ಕೊಂಡು ತರಬೇಕು ಮಾಮಾ.”

“ಥಂಡ ಇಡೂದು ನನಗ ಕಲಸ್ತಿಯೇನ?”

ಅಮ್ಮಿ ಕನ್ನಡಕದೊಳಗಿಂದಲೇ ನಕ್ಕಳು. ನಾನೂ ನಕ್ಕೆ. ಇಂಥ ಮಾಮಾ ಇದ್ದರೆ ಯಾವ ಚಿಂತೆ! ಚೀಟಿ ಕೊಟ್ಟೆ.

ಏಪ್ರಿಲ್ 17, ಮಧ್ಯಾಹ್ನ

ಸಿಟ್ಟು. ಬರೆಯಲು ಕೈ ಬರುತ್ತಿಲ್ಲ.

ಮಾಮಾ ಬೆಳಗಾವಿಯಿಂದ ನೇರ ಕ್ಲಿನಿಕ್‌ಗೇ ಬಂದ. ಬಗಲಲ್ಲಿ ಸಣ್ಣ ಮಡಕೆ, ಕೆಂಪು ಬಟ್ಟೆ. ಮುಖದಲ್ಲಿ ಮದುವೆಯ ಕಳೆ. ಸಿಸ್ಟರ್ ಬಾಟ್ಲಿ ಅಲುಗಾಡಿಸಿ ಕಿಟಕಿಗೆ ಹಿಡಿದರು. ಮತ್ತೆ ಅಲುಗಾಡಿಸಿದರು.

“ಹೆಂಗ ತಂದ್ರಿ ಇದನ್ನ?”

“ಬರ್ಫದಾಗ ರೀ. ಮ್ಯಾಲೆ ಉಪ್ಪು ಹಾಕಿ ಬಿಗಿ ಮಾಡೇನಿ. ದಾರ್‍ಯಾಗ ತಗದು ನೋಡಿದ್ರ ಕುಲ್ಫಿಗಿಂತ ಗಟ್ಟಿ ಆಗಿತ್ತು, ಈಗಷ್ಟ ಕರಗೇತಿ ನೋಡ್ರಿ!”

ಹೆಮ್ಮೆಯಿಂದ ಹೇಳಿದ. ಸಿಸ್ಟರ್ ಬಾಟ್ಲಿಯನ್ನು ಅವನ ಕಡೆ ತಿರುಗಿಸಿದರು. ಬಿಳಿ ಚೂರುಗಳು ತಳಕ್ಕೆ ಇಳಿಯುತ್ತಿದ್ದವು. ಹಾಲಿನಲ್ಲೇ ಬದುಕು ತೆಗೆದವನು, ನನಗಿಂತ ಮೊದಲು ಅವನಿಗೇ ತಿಳಿಯಿತು.

“ಇದು… ಒಡದೈತಿ.”

“ಹೌದ್ರಿ. ಇದು ಥಂಡ ಇರಬೇಕು, ಗಡ್ಡಿ ಕಟ್ಟಬಾರದು. ಕಟ್ಟಿತಂದ್ರ ಔಷಧದ ಗುಣಾ ಹೋತು. ನಾ ಹಾಕಾಂಗಿಲ್ಲ.”

ಹೊರಗೆ ಬಂದು ನಾನು ಅಂದೆ, “ಜಗತ್ತಿನಾಗ ಎಲ್ಲಾನೂ ಕುಲ್ಫಿ ಅಂತ ತಿಳದಿಯೇನ ಮಾಮಾ?” ಚಹದಂಗಡಿಯವರಿಗೂ ಕೇಳಿಸಿತು. ಮಾಮಾ ಮಡಕೆ ಬಗಲಲ್ಲಿಟ್ಟುಕೊಂಡು ನಡೆದುಬಿಟ್ಟ.

ಬೆಳಗಾವಿಯ ಅಂಗಡಿಗೆ ಫೋನ್ ಮಾಡಿದೆ. ಖಾಲಿ. ಹೊಸ ಮಾಲು 28ಕ್ಕಂತೆ. ಬೇರೆ ಎರಡು ಕಡೆ ಕೇಳಿದೆ, ಅಲ್ಲೂ ಅದೇ ರಾಗ. 28ಕ್ಕೆ ಬಂದರೆ 30ಕ್ಕೆ ಕಾರ್ಡ್. ನಡುವೆ ಎಡವಲು ಜಾಗವೇ ಇಲ್ಲ.

ಏಪ್ರಿಲ್ 19

ಹನಿ. ಅಡುಗೆ. ಹನಿ. ಮಾಮಾ ಈ ಕಡೆ ಸುಳಿದಿಲ್ಲ.

ಏಪ್ರಿಲ್ 23

ಅಮ್ಮಿ ಇವತ್ತು ತಾನೇ ಮಾತು ತೆಗೆದಳು.

“ಸಿಟ್ಟ ಮಾಡು, ಬ್ಯಾಡನ್ನಲ್ಲ. ಆದ್ರ ಆ ಬರ್ಫ ಯಾರ ಸಲುವಾಗಿ ಕಟ್ಟಿದ್ದ ಅಂತ ನೆನಸು.”

ನಾನು ಪಾತ್ರೆ ತಿಕ್ಕುತ್ತಾ ಕುಳಿತೆ. ಶಾಲೆಗೆ ಹೋಗುವ ದಿನಗಳಲ್ಲಿ ನನಗೆ ಜ್ವರ ಬಂದರೆ ಅಮ್ಮಿ ಒದ್ದೆ ಬಟ್ಟೆ ಹಾಕುತ್ತಿರಲಿಲ್ಲ, ಮಾಮಾನನ್ನು ಕರೆಯುತ್ತಿದ್ದಳು. ಅವನು ಗಾಡಿ ಬಿಟ್ಟು ಬಂದು ಹಣೆಯ ಮೇಲೆ ಅಂಗೈ ಇಡುತ್ತಿದ್ದ. ಬರ್ಫ ಮುಟ್ಟಿ ಮುಟ್ಟಿ ಆ ಕೈ ಬೇಸಿಗೆಯಲ್ಲೂ ತಣ್ಣಗೆ. ನಿದ್ದೆ ಹತ್ತುವವರೆಗೂ ತೆಗೆಯುತ್ತಿರಲಿಲ್ಲ. ಅಂಥವನಿಗೆ ಬೀದಿಯಲ್ಲಿ ನಿಂತು ಹಾಗೆ ಅಂದೆನಲ್ಲ. ನಾಲಿಗೆ ನನ್ನದು, ಸುಡಲಿ.

ಆದರೂ 28ಕ್ಕೆ ನಾನೇ ಹೋಗುವುದು ಎಂದು ಗಟ್ಟಿ ಮಾಡಿದ್ದೇನೆ. ಬಾಜು ಮನೆಯ ಗಂಗಾದೇವಿ ಕಾಕು ಅಮ್ಮಿಗೆ ಹನಿ ಹಾಕುತ್ತೇನೆ ಎಂದಿದ್ದಾರೆ. ಪುಣ್ಯಾತ್ಮರು, ಕೇಳುವ ಮೊದಲೇ ಹೂಂ ಅಂದರು.

ಏಪ್ರಿಲ್ 27, ಸಂಜೆ

ಮಾಮಾ ಬಂದ. ಹೊಸ್ತಿಲ ಹೊರಗೇ ನಿಂತ. ತನ್ನ ಅಕ್ಕನ ಮನೆಗೆ ಯಾರೋ ಪರಕೀಯನ ಹಾಗೆ.

“ಒಳಗ ಬಾ ಮಾಮಾ.”

“ಮೊದ್ಲ ಹೇಳು. ಇನ್ನೊಮ್ಮೆ ನನ್ನ ಕಡೆ ಕೊಡ್ತಿಯೇನ?”

ಅವನೇ ಮುಂದುವರಿದ. ಆ ಪ್ರಮಿಳಾ ಬಾಯಿಯ ಹತ್ತಿರ ಹೋಗಿ ಎಲ್ಲ ಕೇಳಿಕೊಂಡು ಬಂದೆ, ಉಪ್ಪು ಹಾಕಬಾರದು, ಬರ್ಫ ಬಾಟ್ಲಿಗೆ ತಾಗಬಾರದು, ಬರ್ಫ ಕರಗಲು ಶುರುವಾಗಿ ನೀರಿನ ಸಪ್ಪಳ ಕೇಳಿಸಿದ ಮೇಲೆಯೇ ಬಾಟ್ಲಿ ಇಡಬೇಕು… ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೇ ಉಸಿರಿಗೆ ಹೇಳಿದ.

ಇದೂ ಕೆಟ್ಟರೆ ವರ್ಷ ಹೋಯಿತು. ಬುದ್ಧಿ ‘ನೀನೇ ಹೋಗು’ ಅನ್ನುತ್ತಿತ್ತು. ನಾನೇ ಹೋದರೆ ಬಾಟ್ಲಿ ಉಳಿಯುತ್ತಿತ್ತು. ಮಾಮಾ ಮಾತ್ರ ಜನ್ಮಪೂರ್ತಿ ಆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದ.

ಚೀಟಿ ಕೊಟ್ಟೆ. ಆಮೇಲೆ ಒಳಗೆ ಬಂದ, ಚಹ ಕುಡಿದ. “ಅವತ್ತ ಹಂಗ ಅನಬಾರದಿತ್ತು ಮಾಮಾ” ಅಂದೆ. “ಖರೇನ ಅಂದಿ ಬಿಡು. ನನಗ ಕುಲ್ಫಿ ಬಿಟ್ರ ಏನ್ ಗೊತ್ತೈತಿ” ಅಂದ. ಅಮ್ಮಿ ಆ ಕಡೆ ತಿರುಗಿ ಕುಳಿತಳು. ಕಣ್ಣಿಗೆ ಹನಿ ಹಾಕುವ ಹೊತ್ತು ಅದಾಗಿರಲಿಲ್ಲ.

ಏಪ್ರಿಲ್ 28

ಬೆಳಿಗ್ಗೆ ಮಾಮಾನ ಮನೆಯ ಕಡೆ ಇಣುಕಿ ಬಂದೆ. ಗಾಡಿ ಅವನ ಮನೆ ಮುಂದೆಯೇ ನಿಂತಿತ್ತು. ಕುಲ್ಫಿಯಿಂದ ನಾಲ್ಕು ಕಾಸು ಕಾಣುವ ಏಪ್ರಿಲ್ ಬಿಸಿಲಲ್ಲಿ ಧಂದೆ ಬಿಟ್ಟು ಹೋಗಿದ್ದಾನೆ.

ಊಟದ ಹೊತ್ತು ಮೀರಿ ಕ್ಲಿನಿಕ್‌ಗೆ ಬಂದ. ಅಂಗಿಯ ಒಂದು ಬಾಜು ಪೂರಾ ಒದ್ದೆ. ಮಡಕೆಯಲ್ಲಿ ನೀರಿನ ಬಾಟಲಿಗಳು, ಒಳಗೆ ಅರ್ಧ ನೀರು ಅರ್ಧ ಬರ್ಫ. ನಡುವೆ ಒಣ ಬಟ್ಟೆ, ಬಟ್ಟೆಯೊಳಗೆ ಡಬ್ಬಿ, ಡಬ್ಬಿಯೊಳಗೆ ನನ್ನ ಔಷಧಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಟಲಿಗಳನ್ನು ಕಿವಿಗೆ ಹಿಡಿದು ಅಲುಗಾಡಿಸಿ, ನೀರಿನ ಸಪ್ಪಳ ಕೇಳಿಕೊಂಡು ಬಂದನಂತೆ. ಕಂಡಕ್ಟರ್ ಹುಚ್ಚ ಅಂದುಕೊಂಡಿರಬೇಕು.

“ಹುಟ್ಟಿದಾಗಿಂದ ಬರ್ಫ ಕರಗಬಾರದು ಅಂತ ಒದ್ದಾಡೇನಿ ಸಿಸ್ಟರ್. ಇವತ್ತ ನೋಡ್ರಿ, ಕರಗಲಿ ಕರಗಲಿ ಅಂತ ಕಾಯ್ಕೊಂತ ಕುಂತಿದ್ದೆ.”

ಸಿಸ್ಟರ್ ಬಾಟ್ಲಿ ಅಲುಗಾಡಿಸಿದರು. ಕಿಟಕಿಗೆ ಹಿಡಿದರು. ನಾನು ನೋಡಲಿಲ್ಲ, ಮಾಮಾನ ಮುಖ ನೋಡುತ್ತಿದ್ದೆ. ಅವನ ಮುಖ ಅರಳಿದ ಮೇಲೆ ತಿರುಗಿದೆ. ಹಾಲಿನ ಹಾಗೆ ನುಣ್ಣಗೆ, ಒಂದು ಚೂರೂ ಇಲ್ಲ.

ಸೂಜಿ ಚುಚ್ಚುವಾಗ ಮಾಮಾ ನನ್ನ ಹಣೆಯ ಮೇಲೆ ಅಂಗೈ ಇಟ್ಟ. ಈ ಸಲ ನಾನು ಬೀಳಲಿಲ್ಲ. ಅತ್ತುಬಿಟ್ಟೆ. ಸಿಸ್ಟರ್ ನೋವಾಯಿತು ಅಂದುಕೊಂಡರು, ಅಂದುಕೊಳ್ಳಲಿ. ಯಾ ಅಲ್ಲಾ, ನನಗೆ ಇಷ್ಟು ಜನರನ್ನು ಕೊಟ್ಟಿದ್ದೀಯ.

ಕಾರ್ಡಿನ ಫೋಟೋ ಮೇಡಂಗೆ ಕಳಿಸಿದೆ. ‘ಬಾ’ ಎಂದು ಒಂದೇ ಶಬ್ದ ಬಂತು. ಸಾಕು.

ಮೇ 1, ಖಾಸಬಾಗ, ರೂಮು

ಅಮ್ಮಿಯ ಹನಿ ಇನ್ನು ಗಂಗಾದೇವಿ ಕಾಕುವಿನ ಪಾಲು. ಬಸ್ ಹತ್ತಿಸುವಾಗ ಮಾಮಾ ಮಡಕೆ ಕೈಗಿಟ್ಟ. ಕ್ಲಾಸಿನವರಿಗೆಲ್ಲ ಕುಲ್ಫಿ. “ಇದಕ್ಕ ಉಪ್ಪು ಹಾಕೇನಿ ಮತ್ತ. ಇದನ್ನ ಕರಗಸಬ್ಯಾಡ.”

ಅಂದು ನಕ್ಕವರೆಲ್ಲ ಇಂದು ಎರಡೆರಡು ತಿಂದರು.

ಮೇ 2, ಸಂಜೆ

ಮೊದಲ ರಕ್ತ. ಕಾಕತಿಯ ಕಡೆಯ ಒಬ್ಬ ಅಜ್ಜಿ. ಮೇಡಂ ಹಿಂದೆ ನಿಂತಿದ್ದರು. ಗ್ಲೌಸ್ ಹಾಕುವ ಮೊದಲು ಅಜ್ಜಿಯ ತೋಳು ಹಿಡಿದು ನರ ಹುಡುಕಿದೆ. ಹೆದರಿಕೆಗೋ ಏನೋ, ನನ್ನ ಬೆರಳುಗಳು ತಣ್ಣಗಾಗಿಬಿಟ್ಟಿದ್ದವು.

ಅಜ್ಜಿ ಕಣ್ಣು ಮುಚ್ಚಿಕೊಂಡೇ ಅಂದಳು, “ಎಷ್ಟ ಥಂಡ ಐತೆವ್ವಾ ನಿನ್ನ ಕೈ! ಹಿಂಗ ಹಿಡಕೊಂಡಿರು. ಹಿತಾ ಅನಸ್ತೈತಿ.”

ಒಂದೇ ಸಲಕ್ಕೆ ನರ ಸಿಕ್ಕಿತು. ಇದನ್ನು ಮಾಮಾಗೆ ಈಗಲೇ ಫೋನ್ ಮಾಡಿ ಹೇಳಬೇಕು, ಆಮೇಲೆ ಉಳಿದದ್ದು ಬರೆ—