ಒತ್ತಿಲ್ಲದ ಅಕ್ಕ

ಮೂಡಲಪಾಳ್ಯ
ಭಾನುವಾರ, 12 ಅಕ್ಟೋಬರ್ 2025

ಪ್ರೀತಿಯ ಕಲಕ್ಕಾ,

ಹೇಗಿದ್ದೀಯ? ಕೆಮ್ಮು ಹೇಗಿದೆ? ಹೋದ ತಿಂಗಳು ಸುಂಕದಕಟ್ಟೆಗೆ ಬಂದು ನಿನ್ನ ಗೇಟಿನ ಮುಂದೆ ನಿಂತಾಗ ಭಾವ 'ಅವಳು ಮನೇಲಿಲ್ಲಪ್ಪ' ಅಂದರು. ಆ ಮನೇಲಿಲ್ಲದವಳು ಒಳಗೆ ಮೂರು ಸಲ ಕೆಮ್ಮಿದಳು. ಶುಂಠಿ ಕಷಾಯಕ್ಕೆ ಕಾಳುಮೆಣಸು ಹಾಕಲು ಮರೆಯಬೇಡ. ಇಲ್ಲಿ ನನ್ನ ಕುಸುಮಾ ಚೆನ್ನಾಗಿದ್ದಾಳೆ, ನನ್ನನ್ನು ಕಟ್ಟಿಕೊಂಡವಳು ಎಷ್ಟು ಚೆನ್ನಾಗಿರಬಹುದೋ ಅಷ್ಟು. ಅಮ್ಮ ಮಲಗಿದಲ್ಲೇ ಇದ್ದಾಳೆ. ಹೊತ್ತಿಗೆ ಎರಡು ಚಮಚ ಗಂಜಿ ತೆಗೆದುಕೊಂಡು ಮೂರು ಚಮಚ ಬೈಗುಳ ವಾಪಸ್ ಕೊಡುತ್ತಾಳೆ.

ಈ ಕಾಗದ ಹೋದ ವಾರವೇ ನಿನ್ನ ಕೈ ಸೇರಬೇಕಿತ್ತು. ಟೈಪು ಮಾಡಲು ಕೂತರೆ ಪರದೆಯ ಮೇಲೆ 'ಪರೀತಿಯ ಕಲಕಕಾ' ಎಂದು ಬಂತು. ನನ್ನ ಟೈಪಿಂಗ್ ಅಂಗಡಿಗೆಂದು ಹದಿಮೂರು ವರ್ಷದ ಹಿಂದೆ ನೀನು ಕೊಡಿಸಿದ ಲ್ಯಾಪ್‌ಟಾಪಿನ ಎಫ್ ಕೀ ಕಿತ್ತು ಬಂದಿತ್ತು. ಇಂಗ್ಲಿಷಿನವರಿಗೆ ಅದು ಬರೀ ಎಫ್. ನಮ್ಮ ಕನ್ನಡ ಟೈಪಿನಲ್ಲಿ ಒತ್ತು ಕೊಡುವ ಕೀ ಅದೇ. ಅದಿಲ್ಲದಿದ್ದರೆ ಅಕ್ಷರದ ಕೆಳಗೆ ಅಕ್ಷರ ಇಳಿಯುವುದೇ ಇಲ್ಲ, ಎಲ್ಲವೂ ರೇಷನ್ ಅಂಗಡಿಯ ಸಾಲಿನ ಹಾಗೆ ಒಂದರ ಹಿಂದೊಂದು ನಿಂತುಬಿಡುತ್ತವೆ. ಅಮ್ಮ ಅಮಮ ಆದಳು, ಅಪ್ಪ ಅಪಪ ಆದ, ತಮ್ಮ ತಮಮ ಆದ. ನಂಟಿನ ಹೆಸರೆಲ್ಲ ಒತ್ತಿನ ಮೇಲೇ ನಿಂತಿವೆ ಅನ್ನುವುದು ಅವತ್ತೇ ನನಗೆ ಹೊಳೆದದ್ದು. ಇಡೀ ಮನೆತನದಲ್ಲಿ ನೆಟ್ಟಗೆ ಬಂದವರು ಭಾವ ಒಬ್ಬರೇ. ಬಿ.ಎ. ಕನ್ನಡ ಓದಿ ನನಗೆ ದಕ್ಕಿದ್ದು ಪ್ರಾಸ ಮಾತ್ರ. ಅಕ್ಕ, ಪಕ್ಕ, ಹಕ್ಕು, ಲೆಕ್ಕ. ಅದೂ ಒತ್ತಿಲ್ಲದೆ ಸತ್ತಿತು.

ವಿಜಯನಗರದಲ್ಲಿ ರಿಪೇರಿ ಮಾಡುವ ಭೈರೇಶನ ಹತ್ತಿರ ಹೋದೆ. ಬೆಳಕಿಗೆ ಹಿಡಿದು ನೋಡಿದ. ಮೇಲಿನ ಮುಚ್ಚಳ ಕಳೆದಿದೆ, ಅದನ್ನು ಹಿಡಿಯುವ ಬಿಳಿ ಕ್ಲಿಪ್ಪು ಮುರಿದಿದೆ, ಕೆಳಗಿನ ರಬ್ಬರ್ ಹರಿದಿದೆ. 'ಸಾರ್, ಸಿಂಗಲ್ ಕೀ ಸಿಗಲ್ಲ. ಫುಲ್ ಕೀಬೋರ್ಡೇ ಚೇಂಜ್ ಮಾಡ್ಬೇಕು. ಆದ್ರೆ ಈ ಮಾಡೆಲ್ ನಿಂತೋಗಿ ಎಷ್ಟೋ ವರ್ಷ ಆಯ್ತು' ಅಂದ. ಸತ್ತ ಲ್ಯಾಪ್‌ಟಾಪುಗಳ ಗುಡ್ಡೆಯಿಂದ ನಾಲ್ಕು ಎಫ್ ಕಿತ್ತು ತಂದು ಕೂರಿಸಿ ನೋಡಿದ. ಒಂದರ ಕೊಕ್ಕೆ ಇನ್ನೊಂದಕ್ಕೆ ಸಿಗಲಿಲ್ಲ. ಒಂದೇ ಕಂಪನಿಯದಾದರೂ ಸಿಗುವುದಿಲ್ಲವಂತೆ, ಒಡಹುಟ್ಟಿದವರ ಹಾಗೆ. ಬೇರೆ ಕೀಬೋರ್ಡು ತಂದು ಹೊರಗಿನಿಂದ ಚುಚ್ಚಿಕೊಳ್ಳಿ ಅಂದ. ಅದು ನೀನು ಕೊಡಿಸಿದ್ದಲ್ಲವಲ್ಲ, ಬೇಡ ಅಂದೆ. ಕೊನೆಗೆ 'ನೀವು ಯೂಸೇ ಮಾಡ್ದಿರೋ ಕೀ ಯಾವ್ದು ಹೇಳಿ ಸಾರ್, ಅದನ್ನೇ ಕಿತ್ತು ಇಲ್ಲಿಗೆ ಹಾಕ್ತೀನಿ' ಅಂದ. ದೊಡ್ಡ ವಿದ್ವಾಂಸನ ಹಾಗೆ ಕಣ್ಣು ಮುಚ್ಚಿ ಯೋಚಿಸಿ, ಜೆಡ್ ಅಂದೆ. ನಮ್ಮ ಟೈಪಿನಲ್ಲಿ ಅದು ಚ ಛ ಜ ಝ ಆದ ಮೇಲೆ ಬರುವ ಐದನೆಯ ಅಕ್ಷರ. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು 'ಇನ್ನೂ ಸುತ್ತೋ, ಸುತ್ತೋ' ಅಂತ ನೀನು ತಿದ್ದಿಸುತ್ತಿದ್ದೆಯಲ್ಲ, ಅದೇ. ಈ ಕಾಲದಲ್ಲಿ ಅದು ಯಾರಿಗೆ ಬೇಕು ಅಂದುಕೊಂಡೆ. ಭೈರೇಶ್ ರಬ್ಬರ್ ಸಮೇತ ಅದನ್ನೆತ್ತಿ ಎಫ್ ಜಾಗದಲ್ಲಿ ಕೂರಿಸಿದ. ಅಕ್ಕ ಅಕ್ಕನಾದಳು. ಮನೆಗೆ ಬಂದ ಮೇಲೆ ಗೊತ್ತಾಯಿತು, ಆ ಐದನೆಯ ಅಕ್ಷರವಿಲ್ಲದೆ ಬರೆಯಲಾಗದ ಪದಗಳು ಕೆಲವಿವೆ. ಯಾವುವೆಂದು ಇಲ್ಲಿ ಟೈಪು ಮಾಡಿ ತೋರಿಸಲೂ ಆಗದು. ಒಂದರ ಬದಲು 'ನೆನಪು' ಎಂದು ಬರೆದು ಕೆಲಸ ಸಾಗಿಸುತ್ತಿದ್ದೇನೆ. ಉಳಿದವುಗಳಿಗೆ ಬದಲಿ ಪದ ಇನ್ನೂ ಸಿಕ್ಕಿಲ್ಲ.

ಆ ಎಫ್ ಸವೆದದ್ದು ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ತೀರಿಕೊಂಡ ವರ್ಷ ಈ ಮನೆಯ ಮೇಲಿನ ನಿನ್ನ ಹಕ್ಕುಬಿಡುಗಡೆ ಪತ್ರವನ್ನು ನಾನು ಇದರಲ್ಲೇ ಟೈಪು ಮಾಡಿದೆ. 'ಖಾತೆ ಬದಲಾಯಿಸೋ ಕಾಗದ ಅಕ್ಕಾ' ಅಂದವನೂ ನಾನೇ. 'ತಮ್ಮ ಟೈಪ್ ಮಾಡಿದ್ದನ್ನ ಓದೋದೇನೋ' ಅಂತ ನಗುತ್ತಾ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದೆ. 'ಯಾರ ಒತ್ತಾಯವೂ ಇಲ್ಲದೆ' ಎಂದು ಒತ್ತಿದವನು ನಾನು, ಓದದೆ ಒತ್ತಿದವಳು ನೀನು. ಆಮೇಲೆ ಆರು ವರ್ಷ ನೀನು ಈ ಹೊಸಿಲು ತುಳಿದಿಲ್ಲ. ಅರ್ಧ ಮನೆ ನಿನಗೆ ವಾಪಸ್ ಬರೆದುಕೊಡುವ ಪತ್ರವೂ ಟೈಪಾಗಿ ಕೂತಿದೆ. ಅದಕ್ಕೆ ನಿನ್ನ ಸಹಿ ಬೇಕು, ಮತ್ತು ನಾನು ಟೈಪು ಮಾಡಿದ ಯಾವುದಕ್ಕೂ ನೀನು ಇನ್ನು ಸಹಿ ಹಾಕುವವಳಲ್ಲ. ಇದಕ್ಕೆ ಯಾವ ಭೈರೇಶನ ಹತ್ತಿರವೂ ಬಿಡಿಭಾಗವಿಲ್ಲ. 'ಕೀ ಒತ್ತಿ ಒತ್ತಿ ಮನೆಮಗಳನ್ನ ಕಿತ್ತಾಕ್ದಲ್ಲೋ' ಅನ್ನುತ್ತಾಳೆ ಅಮ್ಮ. ಪ್ರಾಸ ನನಗೆ ಬಂದದ್ದು ಅವಳಿಂದಲೇ. ಗೇಟು ಕಿರುಗುಟ್ಟಿದರೆ 'ಕಲಾನೇನೋ?' ಎಂದು ಕೇಳುತ್ತಾಳೆ. 'ಹಾಲಿನವನು ಕಣಮ್ಮ' ಅನ್ನುತ್ತೇನೆ. ನಮ್ಮ ಮನೆಗೆ ದಿನಕ್ಕೆ ಐದು ಸಲ ಹಾಲಿನವನು ಬರುತ್ತಾನೆ.

ಭಾವನಿಗೆ ನಮಸ್ಕಾರ. ನಿನ್ನ ಮಗಳು ಕವನಾಗೆ ಈ ಮಾವನ ಆಶೀರ್ವಾದ, ಅವಳಿಗೆ ಬೇಕೆನಿಸಿದರೆ.

ನಿನ್ನ ತಮ್ಮ (ಒತ್ತು ಇದೆ, ನೋಡಿಕೋ),
ಆನಂದ

ಮಂಗಳವಾರ ಬೆಳಿಗ್ಗೆ, ಪೆನ್ನಿನಲ್ಲಿ: ಇದನ್ನು ಅಂಚೆಗೆ ಹಾಕೋಣ ಅಂತಿದ್ದೆ. ಈಗ ಕುಸುಮಾಳ ಕೈಯಲ್ಲಿ ಆಟೋದಲ್ಲಿ ಕಳಿಸುತ್ತಿದ್ದೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಅವಳು ಒಳಗೆ ಬರುವುದಿಲ್ಲ, ಗೇಟಿನ ಹತ್ತಿರವೇ ನಿಂತಿರುತ್ತಾಳೆ. ಅಮ್ಮನಿಗೆ ನಿನ್ನೆ ಸಂಜೆಯಿಂದ ಪ್ರಜ್ಞೆ ಇಲ್ಲ. ಆ ಪದದಲ್ಲಿರುವುದು ನೀನು ಕೈ ಹಿಡಿದು ತಿದ್ದಿಸಿದ ಅಕ್ಷರ, ಕೈಯಲ್ಲೇ ಬರೆಯಬೇಕಾಯಿತು. ಆಸ್ಪತ್ರೆಗೆ ಹೊತ್ತೊಯ್ದು ಉಪಯೋಗವಿಲ್ಲ ಎಂದರು ಡಾಕ್ಟರು. ನೀನು ಬರುತ್ತೀಯ ಎಂದು ನಂಬಿ ಬರೆಯುತ್ತಿಲ್ಲ ಅಕ್ಕಾ. ಒಂದು ವೇಳೆ ಬಂದರೆ ನನ್ನ ಜೊತೆ ಮಾತಾಡಬೇಡ, ನಾನು ಬೀದಿಯಲ್ಲಿ ನಿಂತಿರುತ್ತೇನೆ. ಅಮ್ಮನ ಹಾಸಿಗೆಯ ಪಕ್ಕ ಒಂದು ಸಲ ಕೆಮ್ಮು, ಸಾಕು. ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗುತ್ತದೆ ಎಂದು ಡಾಕ್ಟರು ಹೇಳಿಲ್ಲ. ನಾನು ಹೇಳುತ್ತಿದ್ದೇನೆ.