ಅಮ್ಮನ ಮೇಲೊಂದು ತಾಲೀಮು

ವುಲ್ವರ್‌ಹ್ಯಾಂಪ್ಟನ್
೨೫ ಅಕ್ಟೋಬರ್ ೨೦೨೪, ಶುಕ್ರವಾರ

ಪ್ರೀತಿಯ ಮಧೂ,

ಹೇಗಿದ್ದೀಯ ಮಗಳೇ? ಗಂಟಲು ಸರಿಹೋಯಿತೇ? ಬೆಳಗಿನಿಂದ ಸಂಜೆಯವರೆಗೆ ಪಿಟ್ಸ್‌ಬರ್ಗಿನಲ್ಲಿ ಕಂಡಕಂಡವರ ಬಾಗಿಲಲ್ಲಿ ನಿಂತು ಮಾತಾಡಿದರೆ ಗಂಟಲು ಕೂರದೆ ಇನ್ನೇನು ಮಾಡೀತು? ನಿನ್ನ ಅಭ್ಯರ್ಥಿ ಗೆದ್ದು ಕುರ್ಚಿಯಲ್ಲಿ ಕೂರುವ ಮೊದಲೇ ನಿನ್ನ ದನಿ ಕೂತುಬಿಟ್ಟರೆ ಕಷ್ಟ. ಉಪ್ಪುನೀರು ಮುಕ್ಕಳಿಸು, ಆಂಟಿಬಯಾಟಿಕ್ ತಿನ್ನಬೇಡ. ಇದು ಡಾಕ್ಟರು ಹೇಳಿದ್ದು. ಮೆಣಸಿನ ಸಾರು ಮಾಡಿಕೊಂಡು ಕುಡಿ; ಇದು ಅಮ್ಮ ಹೇಳಿದ್ದು. ನನ್ನ ಆರೋಗ್ಯ ಚೆನ್ನಾಗಿದೆ. ಮಂಡಿ ಮಾತ್ರ ಇಲ್ಲಿನ ರೈಲಿನ ಹಾಗೆ, ಹೊರಡುವುದು ತಡ, ನಡುವೆ ಯಾಕೆ ನಿಂತಿತೆಂದು ಯಾರೂ ಹೇಳುವುದಿಲ್ಲ. ನನ್ನ ಕ್ಲಿನಿಕ್ಕಿನಲ್ಲಿ ಇಬ್ಬರು ಡಾಕ್ಟರು ಬಿಟ್ಟುಹೋಗಿ ಅವರ ಪಾಳಿ ಕೂಡ ನನ್ನ ತಲೆಗೇ ಸುತ್ತಿಕೊಂಡಿದೆ. ಫೋನ್ ಬಿಟ್ಟು ಪತ್ರ ಯಾಕೆ ಎನ್ನುತ್ತೀಯೇನೋ. ಏಳನೇ ತರಗತಿಯವರೆಗೆ ನೀನು ಮೈಸೂರಿನಲ್ಲಿ ಕಲಿತ ಕನ್ನಡಕ್ಕೆ ಸ್ವಲ್ಪ ವ್ಯಾಯಾಮವಾಗಲಿ ಎಂದು. ಇನ್ನೊಂದು ಕಾರಣವೂ ಇದೆ: ಪತ್ರದ ನಡುವೆ ನೀನು ‘ಐ ಹಿಯರ್ ಯೂ, ಅಮ್ಮಾ’ ಎನ್ನಲಾಗುವುದಿಲ್ಲ.

ಅಧ್ಯಕ್ಷರನ್ನು ಆರಿಸಲು ಸಾಮಾನ್ಯ ಜನ ಇಷ್ಟೆಲ್ಲ ಮಾಡಬಹುದೆಂದು ನೀನು ಹೇಳುವವರೆಗೆ ನನಗೆ ಗೊತ್ತೇ ಇರಲಿಲ್ಲ. ಜುಲೈನಲ್ಲಿ ನಮ್ಮಲ್ಲೂ ಚುನಾವಣೆಯಾಯಿತಲ್ಲ; ಒಬ್ಬ ಮನುಷ್ಯ ಬಂದು ಬಾಗಿಲಿನ ಕಿಂಡಿಯಲ್ಲಿ ಚೀಟಿ ತುರುಕಿ, ಕದ್ದವನಂತೆ ಓಡಿಹೋದ. ಓಟಿಗಾಗಿ ನಾನು ಕಂಡ ಓಟ ಅಷ್ಟೇ. ನಿಮ್ಮಲ್ಲಿ ಹಾಗಲ್ಲ. ಅಂಗಳದಲ್ಲಿ ಫಲಕ ನೆಡಬಹುದು, ಗುರುತಿಲ್ಲದವರಿಗೆ ಕೈಬರಹದ ಕಾರ್ಡು ಬರೆಯಬಹುದು, ಕಾರಿಲ್ಲದ ಮುದುಕರನ್ನು ಮತಗಟ್ಟೆಗೆ ಕರೆದೊಯ್ಯಬಹುದು, ಅಕ್ಕಪಕ್ಕದವರನ್ನು ಕರೆದು ಕಾಫಿ ಕೊಟ್ಟು ಕಿವಿ ಕಚ್ಚಬಹುದು. ಇಷ್ಟಕ್ಕೆಲ್ಲ ಸಂಬಳವಿಲ್ಲ ಎಂದಾಗ, ಇದು ಗೃಹಿಣಿಯ ಕೆಲಸವೇ ಇರಬೇಕು ಅಂದುಕೊಂಡೆ. ಬ್ರಿಟಿಷ್ ಪಾಸ್‌ಪೋರ್ಟಿನವಳು ಒಂದು ಡಾಲರನ್ನೂ ಕೊಡುವಂತಿಲ್ಲ, ಆದರೆ ಪುಕ್ಕಟೆಯಾಗಿ ಫೋನ್ ಮಾಡಬಹುದು ಎಂದು ನೀನೇ ವಿವರಿಸಿದೆ. ಮಾತು ಬೆಳ್ಳಿ ಎನ್ನುತ್ತಾರೆ, ನಿಮ್ಮ ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ.

ಸೆಪ್ಟೆಂಬರಿನ ಆ ಭಾನುವಾರ ನೀನು ಫೋನ್ ಮಾಡಿದ್ದು ನೆನಪಿದೆಯಲ್ಲ. ಅದಕ್ಕೆ ಮೊದಲು ನಮ್ಮಿಬ್ಬರ ನಡುವೆ ಒಂದು ಸಣ್ಣ ಯುದ್ಧವೇ ಆಗಿತ್ತು. ನಿನ್ನಪ್ಪ ಹೋದದ್ದು ಹೋದ ವರ್ಷ ನವೆಂಬರ್ ಐದರ ಸಂಜೆ, ಇಲ್ಲಿನವರ ಬಾನ್‌ಫೈರ್ ಹಬ್ಬಕ್ಕೆ ಇಡೀ ಬೀದಿ ಪಟಾಕಿ ಹೊಡೆಯುತ್ತಿದ್ದಾಗ. ಈ ವರ್ಷ ನಿಮ್ಮ ಮತದಾನವೂ ಅದೇ ಐದಕ್ಕೆ. ಮೊದಲ ವರ್ಷದ ತಿಥಿಗೆ ಮಗಳು ಬರಲೇಬೇಕು ಎಂದು ನಾನು. ಆ ದಿನ ಬಿಟ್ಟು ಬೇರೆ ಯಾವ ದಿನವಾದರೂ ಬರುತ್ತೇನೆ ಎಂದು ನೀನು. ‘ಅಲ್ಲಿ ಮತದಾನ, ಇಲ್ಲಿ ತಿಲದಾನ, ನಿನಗೆ ಯಾವುದು ದೊಡ್ಡದೋ ನೋಡ್ಕೋ’ ಎಂದು ಫೋನ್ ಕುಕ್ಕಿದವಳು ನಾನೇ. ಆಮೇಲೆ ಆ ಭಾನುವಾರ ನಿನ್ನ ಕರೆ ಬಂತು. ಜಗಳವಿಲ್ಲ, ವಾದವಿಲ್ಲ. ‘ಅಪ್ಪ ಇಲ್ದೇ ದಿನ ಹೇಗೆ ಹೋಗುತ್ತೆ, ಅಮ್ಮಾ?’ ಎಂದೆ. ಹತ್ತು ತಿಂಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ ಮಧೂ. ಎಲ್ಲರೂ ಧೈರ್ಯ ತಗೊಳ್ಳಿ ಅಂದರು, ಎಲ್ಲಿಂದ ತಗೊಳ್ಳಬೇಕೆಂದು ಹೇಳಲಿಲ್ಲ. ನಾನು ಹೇಳುತ್ತಲೇ ಹೋದೆ. ಕಸದ ಡಬ್ಬಿಯ ವಿಷಯವಾಗಿ ನಗರದ ಕೌನ್ಸಿಲ್ ಜೊತೆ ನಿನ್ನಪ್ಪ ಹೂಡಿದ್ದ ಜಗಳವನ್ನು ನಾನಿನ್ನೂ ನಡೆಸುತ್ತಿರುವುದನ್ನೂ ಹೇಳಿದೆ. ಅಲ್ಲಿಗೆ ಫೋನ್ ಮಾಡಿದಾಗಲೆಲ್ಲ ‘ಮೈ ಹಸ್ಬೆಂಡ್ ಈಸ್ ವೆರಿ ಆಂಗ್ರಿ’ ಎಂದೇ ಶುರುಮಾಡುತ್ತೇನೆ, ಹಾಗೆಂದಾಗ ಅವರು ಒಳಕೋಣೆಯಲ್ಲಿ ನಿಜವಾಗಿಯೂ ಸಿಟ್ಟುಮಾಡಿಕೊಂಡು ಕೂತಿರುವಂತೆ ಅನಿಸುತ್ತದೆ ಎಂದೆ. ನೀನು ‘ಇನ್ನೂ ಹೇಳಮ್ಮಾ’ ಎಂದೆ, ಕೇಳಿದೆ. ಕೊನೆಗೆ ಹಗುರಾದವಳು ನಾನೇ ಬಾಯಿಬಿಟ್ಟು ‘ನೀನು ಬರದಿದ್ದರೂ ಪರವಾಗಿಲ್ಲ ಕಂದಾ, ನಿನ್ನ ಕೆಲಸ ನೋಡು. ನಾನೂ ನಿಮ್ಮವರ ಪರವಾಗಿ ನಾಲ್ಕು ಫೋನ್ ಮಾಡುತ್ತೇನೆ’ ಎಂದುಬಿಟ್ಟೆ. ಆ ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಬಂತು. ಮಗಳು ದೊಡ್ಡವಳಾದಳು ಎಂದು ಅಪ್ಪನ ಫೋಟೋಗೆ ವರದಿ ಒಪ್ಪಿಸಿಯೇ ಮಲಗಿದ್ದು.

ಕೊಟ್ಟ ಮಾತಿನಂತೆ ಈ ತಿಂಗಳ ಎರಡನೇ ಶನಿವಾರ ನಿಮ್ಮ ಸ್ವಯಂಸೇವಕರ ವಿಡಿಯೋ ತರಬೇತಿಗೆ ಸೇರಿಕೊಂಡೆ. ನಿನಗೆ ಹೇಳದೆ ಸೇರಿ, ಕೊನೆಯಲ್ಲಿ ಮುಖ ತೋರಿಸಿ ಚಕಿತಗೊಳಿಸುವ ಹುಮ್ಮಸ್ಸು. ಅಪ್ಪನ ಐಪ್ಯಾಡ್ ಹಿಡಿದು ಕೂತಿದ್ದೆ, ಆದ್ದರಿಂದ ನನ್ನ ಚೌಕದಲ್ಲಿ ‘ಇಂದೂಸ್ ಐಪ್ಯಾಡ್’ ಎಂದಷ್ಟೇ ಇತ್ತು. ಅರವತ್ತು ಚೌಕಗಳ ನಡುವೆ ಅಪ್ಪನ ಹೆಸರು ನಿನ್ನ ಕಣ್ಣಿಗೆ ಬೀಳಲಿಲ್ಲ. ಇರಲಿ, ಜನಸಂದಣಿಯಲ್ಲಿ ಅವರು ಯಾವತ್ತೂ ಕಾಣುತ್ತಿರಲಿಲ್ಲ. ಮ್ಯೂಟ್ ಮಾಡಿಕೊಳ್ಳಿ ಎಂದರು, ಮಾಡಿಕೊಂಡೆ. ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಯಲ್ಲಿ ಪಡೆದ ತರಬೇತಿ ಕೆಲಸಕ್ಕೆ ಬಂತು. ಪರದೆಯ ಮೇಲೆ ನೀನು ಬಂದೆ, ಕೂದಲು ಎತ್ತಿಕಟ್ಟಿಕೊಂಡು, ಎಷ್ಟು ಚೆನ್ನಾಗಿ ಕಾಣುತ್ತಿದ್ದೆ! ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ‘ನನ್ನ ಮಗಳು’ ಎಂದು ತಿವಿಯುತ್ತಿದ್ದೆ.

ಆಮೇಲೆ ನೀನು ಪಾಠ ಶುರುಮಾಡಿದೆ. ಮನಸ್ಸು ಗಟ್ಟಿಮಾಡಿಕೊಂಡವರ ಜೊತೆ ವಾದಿಸಬೇಡಿ. ಅವರು ಕಳೆದುಕೊಂಡದ್ದರ ಬಗ್ಗೆ ಕೇಳಿ. ‘ಇನ್ನೂ ಹೇಳಿ’ ಅನ್ನಿ. ಪರಿಹಾರ ನೀವು ಹೇಳಬೇಡಿ, ಅವರ ಬಾಯಿಂದಲೇ ಬರಲಿ. ಮೊದಲು ಮನೆಯವರ ಮೇಲೆ ತಾಲೀಮು ಮಾಡಿ ನೋಡಿ. ‘ಐ ಪ್ರಾಕ್ಟೀಸ್ಡ್ ಆನ್ ಮೈ ಮಾಮ್. ಶೀ ವಾಸ್ ಎ ಹಾರ್ಡ್ ನೋ.’ ಜಪ್ಪಯ್ಯ ಎಂದರೂ ಒಪ್ಪದವಳಂತೆ ನಾನು. ಅಪ್ಪನ ತಿಥಿಯ ಜಗಳ ನೀನು ಹೇಳಿದೆ, ನಾನು ಫೋನ್ ಕುಕ್ಕಿದ್ದು ಹೇಳಿದೆ, ಕಸದ ಡಬ್ಬಿಯನ್ನೂ ತಂದು ಅರವತ್ತು ಜನರ ನಡುವೆ ಇಟ್ಟೆ. ‘ವೆರಿ ಆಂಗ್ರಿ’ ಎನ್ನುವಾಗ ನನ್ನ ಉಚ್ಚಾರಣೆಯನ್ನು ಎಷ್ಟು ಚೆನ್ನಾಗಿ ಅನುಕರಿಸಿದೆಯೆಂದರೆ ಚೌಕಗಳೆಲ್ಲ ನಕ್ಕವು. ಯಾರೋ ಹೆಂಗಸು ‘ಯುವರ್ ಮಾಮ್ ಈಸ್ ಅಡೋರಬಲ್’ ಎಂದು ಬರೆದಳು. ಪರದೆಯ ಮೇಲೆ ಕೆಂಪು ಹೃದಯಗಳು ತೇಲಿದವು. ‘ಇಪ್ಪತ್ತು ನಿಮಿಷ, ನಾನು ಆಡಿದ್ದು ಏಳೆಂಟು ವಾಕ್ಯ. ಕೊನೆಗೆ ಬರದಿದ್ದರೂ ಸರಿ ಎಂದು ಆಕೆಯೇ ಹೇಳಿದಳು, ಮೇಲೆ ಸ್ವಯಂಸೇವಕಿಯೂ ಆದಳು’ ಎಂದೆ ನೀನು. ನಾನು ಮುಖ ತೋರಿಸಲಿಲ್ಲ. ಅಪ್ಪನ ಐಪ್ಯಾಡನ್ನು ಮುಚ್ಚಿ ಅನ್ನಕ್ಕೆ ಇಟ್ಟೆ.

ನನಗೆ ನಾಚಿಕೆಯಾದದ್ದು ಇನ್ನೊಂದಕ್ಕೆ. ಇದು ನನ್ನದೇ ಕಸುಬಿನ ಉಪಾಯ. ಇಪ್ಪತ್ತೈದು ವರ್ಷದಿಂದ ಹತ್ತು ಹತ್ತು ನಿಮಿಷದ ರೋಗಿಗಳಿಗೆ ತಲೆ ಓರೆಮಾಡಿ ‘ಟೆಲ್ ಮಿ ಮೋರ್’ ಎನ್ನುತ್ತ, ಕಣ್ಣಂಚಿನಲ್ಲಿ ಗಡಿಯಾರ ನೋಡಿದವಳು ನಾನು. ರೋಗಿಗೂ ಅದು ಗೊತ್ತಿರುತ್ತದೆ, ಆದರೂ ಹಗುರಾಗುತ್ತಾನೆ. ಆದರೆ ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ನೀನು ಕೇಳಿದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಎಷ್ಟು ನಿಮಿಷ ಮಗಳಾಗಿ ಕೇಳಿದೆ, ಯಾವ ನಿಮಿಷದಿಂದ ಪ್ರಚಾರಕಿಯಾದೆ ಎಂಬುದು ನಿನಗಾದರೂ ಗೊತ್ತೇ? ನನ್ನ ಮನವೊಲಿಸಿದೆ, ನಿಜ. ಕೇಳಿದ್ದರೆ ಕೊಟ್ಟೇಬಿಡುತ್ತಿದ್ದ ಮನಸ್ಸನ್ನು ಒಲಿಸಿಕೊಳ್ಳಲು ಅಷ್ಟೊಂದು ಕಸರತ್ತು ಯಾಕೆ ಮಾಡಿದೆ?

ಹೆದರಬೇಡ, ಮಾತಿಗೆ ತಪ್ಪಿಲ್ಲ. ಸಂಜೆ ಹೊತ್ತು ನಿಮ್ಮವರು ಕೊಟ್ಟ ನಂಬರುಗಳಿಗೆ ಫೋನ್ ಮಾಡುತ್ತಿದ್ದೇನೆ. ನಿನ್ನ ವಿಧಾನ ಬಳಸುವುದಿಲ್ಲ. ‘ನಿಮ್ಮ ಓಟು ಕೇಳಲು ಮಾಡಿದ್ದೇನೆ, ಬೇಡವಾದರೆ ಈಗಲೇ ಇಟ್ಟುಬಿಡಿ’ ಎನ್ನುತ್ತೇನೆ. ಬಹಳ ಜನ ಇಟ್ಟುಬಿಡುತ್ತಾರೆ. ಇಡದವರು ನಾನು ಡಾಕ್ಟರೆಂದು ತಿಳಿದು ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಕೇಳುತ್ತಾರೆ.

ಅಳಿಯ ಅನುರಾಗನಿಗೆ ನನ್ನ ನೆನಪು ತಿಳಿಸು. ನೀನು ಊರ ಬಾಗಿಲು ಬಡಿಯುವಾಗ ಮನೆ ಬಾಗಿಲು ಕಾಯುವವನು ಅವನು. ನಿನ್ನ ದನಿ ಗಟ್ಟಿಯಾಗಲಿ, ಕಾಲು ನೋಯದಿರಲಿ, ಬಾಗಿಲು ತೆರೆದವರು ನಿನ್ನ ಮೇಲೆ ನಾಯಿ ಬಿಡದಿರಲಿ. ನಿನ್ನವರು ಗೆಲ್ಲಲಿ.

ಇಂತಿ,
ನೀನು ಮನವೊಲಿಸಿದ ಅಮ್ಮ,
ಚಂದ್ರಿಕಾ

ಮರೆತಿದ್ದೆ: ಆ ತರಬೇತಿಯ ದಿನ ಬೆಳಿಗ್ಗೆ ಪುರೋಹಿತ ಚಿದಾನಂದ ಭಟ್ಟರಿಗೆ ಫೋನ್ ಮಾಡಿ ನವೆಂಬರ್ ಐದನ್ನು ಗೊತ್ತುಮಾಡಲು ಹೋದೆ. ‘ಅಲ್ಲಾ ಡಾಕ್ಟ್ರಮ್ಮಾ, ಪಿತೃಗಳು ಇಂಗ್ಲಿಷ್ ಕ್ಯಾಲೆಂಡರ್ ನೋಡ್ಕೊಂಡು ಬರ್ತಾರಾ?’ ಎಂದು ನಕ್ಕರು. ಪಂಚಾಂಗದ ಪ್ರಕಾರ ಅಪ್ಪನ ತಿಥಿ ಆಶ್ವಯುಜ ಬಹುಳ ಅಷ್ಟಮಿ. ಈ ಸಲ ಅದು ಬಂದದ್ದು ಅಕ್ಟೋಬರ್ ಇಪ್ಪತ್ನಾಲ್ಕಕ್ಕೆ, ಚುನಾವಣೆಗೆ ಎಷ್ಟೋ ಮೊದಲೇ. ನೀನು ಬಂದು ಹೋಗಬಹುದಾಗಿತ್ತು. ಅದನ್ನು ಹೇಳಲೆಂದೇ ತರಬೇತಿಯ ಕೊನೆಯವರೆಗೆ ಕಾಯಬೇಕೆಂದು ಕೂತಿದ್ದು. ಆಮೇಲೆ ಹೇಳಲಿಲ್ಲ. ನಾಟಿಂಗ್‌ಹ್ಯಾಮಿನಲ್ಲಿ ಓದುತ್ತಿರುವ ನಿನ್ನ ಚಿಕ್ಕಪ್ಪನ ಮಗ ಗೌರವ್ ನಿನ್ನೆ ಬಂದು ತಿಥಿಯ ಕೆಲಸವೆಲ್ಲ ಮಾಡಿದ. ‘ಮಧುರಕ್ಕ ಬರಲ್ವಾ ದೊಡ್ಡಮ್ಮಾ?’ ಎಂದು ಕೇಳಿದ, ಬಿಡುವಿಲ್ಲ ಎಂದೆ. ಐದನೇ ತಾರೀಖು ನೀನು ಯಾರ ಬಾಗಿಲನ್ನಾದರೂ ನಿಶ್ಚಿಂತೆಯಿಂದ ಬಡಿ. ಇಲ್ಲಿ ನಿನಗಾಗಿ ಕಾಯುವುದು ಮುಗಿದಿದೆ.