ಒಂದನೇ ನಂಬರಿನ ಹಾಡಿನಲ್ಲಿ ನಿಮ್ಮಜ್ಜನ ದನಿ

ಏಳನೇ ವಾರ್ಡು, ನ್ಯೂ ಆರ್ಲಿಯನ್ಸ್
೧೮ ಅಕ್ಟೋಬರ್ ೧೯೯೯, ಸೋಮವಾರ

ನನ್ನ ರೇನಾರ್ಡ್ ಮರಿಗೆ,

ಹೇಗಿದ್ದೀಯಪ್ಪಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಪಕ್ಕದ ಮನೆಯ ಮಿಸ್ ಓಡೀಲ್ ತಂದುಕೊಟ್ಟ ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದೆ. ಕೊರಳೆಲುಬು ಎದ್ದು ಕಾಣುತ್ತಿದೆ. ಅಂಗಿ ಯಾಕೆ ಹಾಕಿಕೊಂಡಿಲ್ಲ ಎಂದು ನಾನು ಕೇಳುವುದಿಲ್ಲ, ನಿಮ್ಮ ಕೆಲಸದಲ್ಲಿ ಅದು ಹಾಗೇ ಇರಬಹುದು. ಆದರೆ ಹಲ್ಲಿಗೆ ಚಿನ್ನ ಹಾಕಿಸಿಕೊಂಡಿದ್ದೀಯಲ್ಲ, ದೇವರು ಕೊಟ್ಟ ಹಲ್ಲಿಗೆ ಏನಾಗಿತ್ತು? ಚಳಿಗಾಲ ಬರುತ್ತಿದೆ, ಚಿಕ್ಕಂದಿನಲ್ಲಿ ನಿನಗೆ ಕೆಮ್ಮು ಹಿಡಿದರೆ ಈಸ್ಟರ್ ತನಕ ಬಿಡುತ್ತಿರಲಿಲ್ಲ. ಎದೆ ಮುಚ್ಚಿಕೋ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ನನ್ನನ್ನು ಬೈಯುತ್ತದೆ. ನಿನ್ನಮ್ಮ ವರ್ನೀಸ್ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ನಿಮ್ಮಜ್ಜನ ವಿಷಯ ಮುಂದೆ ಬರೆಯುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಫೋನಿಗೆ ಮಾಡಿದರೆ ಯಾವಾಗಲೂ ಬೇರೆ ಯಾರೋ ಎತ್ತುತ್ತಾರೆ. ಹೇಳಿದ್ದನ್ನು ನಿನಗೆ ತಲುಪಿಸುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ದೊಡ್ಡ ಡ್ರಮ್ ಬಾರಿಸುವ ಪರ್ಸಿಯ ಮಗಳು ನೆಟ್ಟಿ ಇವತ್ತು ಸಂಜೆ ಲಾಸ್ ಏಂಜಲೀಸಿಗೆ ಹೊರಟಿದ್ದಾಳೆ, ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಒಲೆಯ ಮೇಲೆ ಕೆಂಪು ಹುರುಳಿಕಾಯಿ ಕಾಳು ಬೇಯುತ್ತಿದೆ. ಅದು ತಳ ಹಿಡಿಯದಂತೆ ಆಗಾಗ ಎದ್ದು ಕೈಯಾಡಿಸಿ ಬರುತ್ತಾ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಕ್ಷಮಿಸು.

ಮೊದಲು ಸಂತೋಷದ ಸಮಾಚಾರ, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿನ್ನ ಹಾಡು ಇಡೀ ದೇಶದಲ್ಲಿ ಒಂದನೇ ನಂಬರಿಗೆ ಬಂತಂತೆ. ರೇಡಿಯೋದವನು ಹೇಳಿದ ಕೂಡಲೇ ಬೀದಿಯಲ್ಲಿದ್ದವರೆಲ್ಲ ಕಾರಿನ ಹಾರ್ನ್ ಒತ್ತಿದರು. ಮಿಸ್ ಓಡೀಲ್ ತಲೆಗೆ ಸುತ್ತಿಕೊಂಡ ಕರ್ಲರುಗಳ ಸಮೇತ ಅಂಗಳಕ್ಕೆ ಬಂದು ಕುಣಿದಳು, ಅವಳ ವಯಸ್ಸೆಷ್ಟು ಎಂದು ನಿನಗೆ ಗೊತ್ತಲ್ಲ. ನಮ್ಮ ಚರ್ಚಿನಲ್ಲಿ ಪಾದ್ರಿಗಳು ನಿನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು, ಹಾಡಿನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಡಬ್ಬಕ್ಕೆ ಚಮಚ ಬಡಿದು ನನ್ನ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿದ್ದ ಹುಡುಗ ನೀನು. ಆ ಬಡಿತಕ್ಕೆ ಈಗ ಊರೂರು ಕುಣಿಯುತ್ತಿದೆ.

ಬಸ್ ನಿಲ್ದಾಣದಲ್ಲಿ ಹುಡುಗಿಯರು ಸೊಂಟ ಬಳುಕಿಸಿಕೊಂಡು ಆ ಕೂಗನ್ನು ಕೂಗುತ್ತಾರೆ: "ಬಿಟ್ಬಿಡು ಅವನ್ನ!" ಕೈಕೊಟ್ಟ ಹುಡುಗನನ್ನು ಬಿಟ್ಟುಬಿಡು ಎಂದು ಅವರ ಲೆಕ್ಕ. ಕೂಗಿನ ಕೊನೆಯಲ್ಲಿ ದನಿ ಒಡೆಯುತ್ತದಲ್ಲ, ಅದನ್ನೂ ಹಾಗೇ ಒಡೆದು ತೋರಿಸಿ ಬಿದ್ದುಬಿದ್ದು ನಗುತ್ತಾರೆ. ನ್ಯೂಯಾರ್ಕಿನ ಯಾವುದೋ ರೇಡಿಯೋದ ಹೆಂಗಸೊಬ್ಬಳು ನಮ್ಮ ಮನೆಗೆ ಫೋನ್ ಮಾಡಿ, ಆ 'ಅವನು' ಯಾರು, ನಿಮ್ಮ ಮೊಮ್ಮಗ ಯಾವ ಹುಡುಗಿಗೆ ಬುದ್ಧಿ ಹೇಳ್ತಿದಾನೆ ಎಂದು ಕೇಳಿದಳು. ನಾನು ಅವಳಿಗೆ ನಿಧಾನವಾಗಿ ಹೇಳಿದೆ. ನೋಡಮ್ಮಾ, ನಮ್ಮ ಕಡೆ ಯಾರಾದರೂ ಸತ್ತರೆ ಬ್ಯಾಂಡಿನವರು ಮುಂದೆ ನಿಧಾನದ ಸ್ತೋತ್ರ ನುಡಿಸುತ್ತಾ ಹೋಗುತ್ತಾರೆ. ಮೆರವಣಿಗೆಯ ಯಜಮಾನ ಹ್ಯಾಟನ್ನು ಎದೆಗೆ ಒತ್ತಿಕೊಂಡು ಹೆಜ್ಜೆ ಎಳೆದು ನಡೆಯುತ್ತಾನೆ. ಸ್ಮಶಾನದ ಕಡೆಯ ತಿರುವು ಬಂದಾಗ ಮನೆಯವರು ಶವದ ಗಾಡಿಯನ್ನು ಕೊನೆಯ ಸಲ ಮುಟ್ಟುತ್ತಾರೆ. ಎಲ್ಲರೂ ಮುಟ್ಟಿದ ಮೇಲೆ ಯಜಮಾನ ಹ್ಯಾಟನ್ನು ತಲೆಗಿಟ್ಟು "ಬಿಟ್ಬಿಡು ಅವನ್ನ" ಎಂದು ಕೂಗುತ್ತಾನೆ. ಗಾಡಿ ಮುಂದೆ ಹೋಗುತ್ತದೆ, ಡ್ರಮ್ ಒಡೆದುಕೊಂಡು ಏಳುತ್ತದೆ, ನಾವು ಕುಣಿಯುತ್ತಾ ಮನೆಗೆ ಬರುತ್ತೇವೆ. ಆ ಕೂಗು ನನ್ನ ಗಂಡನದು, ನೀನು ಕೇಳಿದ ಆ 'ಅವನು' ನನ್ನ ಕಿರಿಯ ಮೊಮ್ಮಗ ಡೆಲ್ಮಾರ್, ರಕ್ತದ ಕಾಯಿಲೆಯಿಂದ ಹೋದ, ಹತ್ತೊಂಬತ್ತು ತುಂಬಿತ್ತು. ಆ ಹೆಂಗಸು, ಇದನ್ನು ರೇಡಿಯೋದಲ್ಲಿ ಹೇಳೋದು ಬೇಡ ಅನ್ಸತ್ತೆ, ಪಾರ್ಟಿ ಹಾಡಲ್ವಾ ಅಂದಳು. ನಾನೂ ಹೌದಮ್ಮಾ ಅಂದು ಇಟ್ಟೆ.

ನೀನು ಅಜ್ಜನ ಆ ಕೂಗನ್ನು ಯಾಕೆ ಹಾಡಿಗೆ ಹಾಕಿದೆ ಎಂದು ನನಗೆ ಗೊತ್ತು ಕಂದಾ. ಡೆಲ್ಮಾರನ ಮೆರವಣಿಗೆಯ ದಿನ ಅಜ್ಜನ ಕ್ಲಬ್ಬಿನವರು ತೆಗೆದ ವೀಡಿಯೋ ಟೇಪನ್ನು ನೀನು ತಿಂಗಳುಗಟ್ಟಲೆ ಹಾಕಿಕೊಂಡು ಕೂತಿರುತ್ತಿದ್ದೆ, ಕೂಗನ್ನು ಎತ್ತಿಕೊಂಡದ್ದೂ ಅದರಿಂದಲೇ. ತಮ್ಮನನ್ನು ಇನ್ನೊಂದು ಸಲ ಬೀದಿಯಲ್ಲಿ ಕುಣಿಸಿಕೊಂಡು ಹೋಗಬೇಕು ಅನ್ನಿಸಿತು ನಿನಗೆ, ಹಾಸಿಗೆ ಹಿಡಿದ ಮೇಲೂ ಕಾಲ್ಬೆರಳಲ್ಲೇ ತಾಳ ಹಾಕುತ್ತಿದ್ದ ಹುಡುಗ ಅವನು. ಆದರೆ ನಿಮ್ಮಜ್ಜನಿಗೆ ನೀನು ಮೊದಲೇ ಒಂದು ಮಾತು ಹೇಳಬೇಕಿತ್ತು. ಇದೇ ಮೇಜಿನಲ್ಲಿ ಊಟಕ್ಕೆ ಕೂತಾಗ ನೀನು ಹಾಡಿನ ಟೇಪು ಹಾಕಿದೆ. ಅವರು ಚಮಚ ಕೆಳಗಿಟ್ಟು, "ನನ್ನ ಅಳೂನ ಕುಣಿಯೋಕೆ ಹಾಕಿದೀಯಲ್ಲೋ" ಅಂದರು. ಅಷ್ಟೇ ಅಂದದ್ದು. ನೀನು ಮುಖ ಊದಿಸಿಕೊಂಡು ಮರುದಿನವೇ ಚೀಲ ಕಟ್ಟಿದೆ. ಇಬ್ಬರದೂ ಒಂದೇ ರಕ್ತ, ಕೋಪ ಮೂಗಿನ ತುದಿಯಲ್ಲೇ.

ಈ ಮನೆಯಲ್ಲಿ ಕೋಪ ನಿಮ್ಮಿಬ್ಬರದೇ ಅಲ್ಲ. ನಿನ್ನಮ್ಮನದು ನಿನಗೆ ಗೊತ್ತಿದೆ. ಡೆಲ್ಮಾರನ ಮೆರವಣಿಗೆಯ ದಿನ ಚರ್ಚಿನ ಹೆಂಗಸರು ಅವಳನ್ನು ಎರಡೂ ಕಡೆಯಿಂದ ಹಿಡಿದುಕೊಂಡು ಹಿಂದೆ ಬರುತ್ತಿದ್ದರು, ನಾನು ಹಿಂದಿನ ಕಾರಿನಲ್ಲಿದ್ದೆ, ನಡೆಯುವ ಕಾಲು ನನಗಿರಲಿಲ್ಲ. ತಿರುವು ಇನ್ನೂ ಮುಂದಿತ್ತು. ಅಷ್ಟರಲ್ಲಿ ಕೂಗು ಕೇಳಿಸಿತು, ಪರ್ಸಿಯ ಡ್ರಮ್ ಎದ್ದಿತು, ಗಾಡಿ ಹೊರಟುಹೋಯಿತು. ಅವಳು ಬಂದು ತಲುಪಿದಾಗ ಬೀದಿಯಲ್ಲಿ ಬಣ್ಣದ ಕೊಡೆಗಳು ಕುಣಿಯುತ್ತಿದ್ದವು, ಮಗ ಇರಲಿಲ್ಲ. ಹೆತ್ತವಳ ಕೈ ಗಾಡಿಗೆ ತಾಗಲಿಲ್ಲ. ನಲವತ್ತು ವರ್ಷ ಮೆರವಣಿಗೆ ನಡೆಸಿದ ನಿಮ್ಮಜ್ಜ ಮಗಳ ಮನೆಯ ಸಾವಿನಲ್ಲೇ ಅವಸರಪಟ್ಟುಬಿಟ್ಟರು ಎಂದು ಊರೆಲ್ಲ ಆಡಿಕೊಂಡಿತು. ಅವರು ಒಂದು ಮಾತು ಎದುರಾಡಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ನಾನೂ ಕೇಳಿದೆ. "ತಪ್ಪಾಯ್ತು" ಅಂದರು. ಆಗಿನಿಂದ ವರ್ನೀಸ್ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಅವರು ಎದುರಿಗೇ ಕೂತಿದ್ದರೂ, "ಅಮ್ಮಾ, ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು" ಅನ್ನುತ್ತಾಳೆ. ನಾನೂ ದಡ್ಡಿಯ ಹಾಗೆ ತಿರುಗಿ ಹೇಳುತ್ತೇನೆ. ಈಗ ನಿನ್ನ ಹಾಡು ಬಂದ ಮೇಲೆ ಇನ್ನೂ ಕಷ್ಟ. ಅದನ್ನು ಹಾಕಿಕೊಂಡ ಒಂದೊಂದು ಕಾರು ಹಾದುಹೋದಾಗಲೂ ಗಾಡಿ ಮತ್ತೆ ಹೊರಟುಹೋಗುತ್ತದೆ ಮಗಾ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ಕಾರು ಮೂಲೆ ದಾಟುವ ತನಕ ಕೈ ನೀರಲ್ಲೇ ಇಟ್ಟು ನಿಂತಿರುತ್ತಾಳೆ. ಇದನ್ನು ಓದಿ ನಿನಗೆ ನೋವಾಗುತ್ತದೆ, ಆಗಲಿ. ಇಲ್ಲಿಯ ಮನೆ ಹೇಗಿದೆ ಎಂದು ನಿನಗೆ ತಿಳಿದಿರಬೇಕು.

ಈಗ ನಿಮ್ಮಜ್ಜನ ಸಮಾಚಾರ. ಬೇಸಿಗೆಯಿಂದ ದನಿ ಕಟ್ಟಿತ್ತು. ವಯಸ್ಸಾಯಿತು, ಸಿಗಾರ್ ಸೇದಿದ್ದು ಸಾಕು ಎಂದು ನಾನು ಬೈಯುತ್ತಿದ್ದೆ. ಅದು ಗಂಟಲ ಕ್ಯಾನ್ಸರ್ ಎಂದು ಹೇಳಿದ್ದಾರೆ. ನವೆಂಬರ್ ಒಂದರ ಸಂತರ ಹಬ್ಬ ಮುಗಿದ ಮೇಲೆ ಬರುವ ಬುಧವಾರ ಆಪರೇಷನ್. ಪ್ರಾಣ ಉಳಿಯುತ್ತದೆ ಎಂದು ಡಾಕ್ಟರರ ಭರವಸೆ, ಆದರೆ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕಂತೆ. ಆಮೇಲೆ ಕತ್ತಿಗೆ ಒಂದು ಯಂತ್ರ ಒತ್ತಿಕೊಂಡು ಜೀರುಂಡೆಯ ಹಾಗೆ ಮಾತಾಡಬೇಕು, ಇಲ್ಲವೇ ಬರೆದು ತೋರಿಸಬೇಕು. ಆಸ್ಪತ್ರೆಯಿಂದ ಬರುವಾಗ ಸಿಗ್ನಲ್ಲಿನಲ್ಲಿ ನಮ್ಮ ಪಕ್ಕ ಒಂದು ಕಾರು ನಿಂತಿತು, ಅದರಲ್ಲಿ ನಿನ್ನ ಹಾಡು. ನಿಮ್ಮಜ್ಜ ಕಿಟಕಿಯ ಗಾಜನ್ನು ಇಳಿಸಿ ಪೂರ್ತಿ ಕೇಳಿಸಿಕೊಂಡರು. ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲ ಸಲ. ನನಗೆ ಅಳು ತಡೆಯಲಾಗಲಿಲ್ಲ, ಅವರು ಅಳಲಿಲ್ಲ.

ಹೋದ ವಾರ ನಿನ್ನ ಕಂಪನಿಯವಳೊಬ್ಬಳು ಫೋನ್ ಮಾಡಿದ್ದಳು. ಟೀವಿಯಲ್ಲಿ ದೊಡ್ಡ ಸಮಾರಂಭವಂತೆ, ಅಜ್ಜ ಮೆರವಣಿಗೆಯ ಕಪ್ಪು ಸೂಟು, ಹೆಗಲ ಪಟ್ಟಿ ಎಲ್ಲ ಹಾಕಿಕೊಂಡು ವೇದಿಕೆಗೆ ಬಂದು ಆ ಕೂಗನ್ನು ಒಂದು ಸಲ ಕೂಗಿದರೆ ಜನ ಎದ್ದು ನಿಲ್ಲುತ್ತಾರಂತೆ, ವಿಮಾನದ ಟಿಕೆಟ್ ಕಳಿಸುತ್ತಾರಂತೆ. ನಾನು ಅವರ ಕಡೆ ನೋಡಿದೆ. ಅವರು ಇರುವ ಸ್ವಲ್ಪ ದನಿಯಲ್ಲಿ, "ಯಾರು ಸತ್ತಿದಾರೆ ಅಂತ ಕೇಳು" ಅಂದರು. ಅವಳಿಗೆ ಅರ್ಥವಾಗಲಿಲ್ಲ. ಅದು ನಿನಗೆ ತಿಳಿದೇ ನಡೆದ ಮಾತು ಎಂದು ನಾನು ನಂಬುವುದಿಲ್ಲ.

ಆದರೆ ಒಂದು ವಿಷಯ ಕೇಳು. ಅವರಿಗೆ ನಿನ್ನ ಹತ್ತಿರ ಏನೋ ಹೇಳಬೇಕಂತೆ. ನನಗೆ ಹೇಳಿ, ನಾನು ಬರೆಯುತ್ತೇನೆ ಅಂದರೆ ತಲೆಯಾಡಿಸುತ್ತಾರೆ. "ಬಾಯಲ್ಲೇ ಹೇಳ್ಬೇಕು, ಅವನ ಮುಖ ನೋಡ್ಕೊಂಡು" ಅನ್ನುತ್ತಾರೆ. ಎರಡು ಸಲ ನಿನಗೆ ಫೋನನ್ನೂ ಮಾಡಿದರು. ಎತ್ತಿದವನಿಗೆ ಇವರ ಗೊಗ್ಗರು ದನಿ ತಿಳಿಯಲಿಲ್ಲ. ನಾನು ಅವನ ಅಜ್ಜ ಅಂದದ್ದಕ್ಕೆ, ದಿನಾ ಹತ್ತು ಜನ ಅಜ್ಜಂದಿರು ಫೋನ್ ಮಾಡ್ತಾರೆ ಎಂದು ನಕ್ಕನಂತೆ. ದೇಶವೆಲ್ಲ ಕೇಳುತ್ತಿರುವ ದನಿಯನ್ನು ಅದೇ ಹಾಡು ಮಾರುವವನು ಗುರುತಿಸಲಿಲ್ಲ. ಆಮೇಲೆ ಅವರು ಆ ಫೋನನ್ನು ಮುಟ್ಟಲಿಲ್ಲ, ಆಪರೇಷನ್ನಿನ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ.

ಹಾಗಾಗಿ ನಾನು ಕೇಳುವುದು ಇಷ್ಟು. ಸಂತರ ಹಬ್ಬಕ್ಕೆ ಮನೆಗೆ ಬಾ. ಡೆಲ್ಮಾರನ ಸಮಾಧಿಗೆ ಸುಣ್ಣ ಬಳಿಯಬೇಕು, ಆ ನೆಪವಾದರೂ ಇರಲಿ. ನಿಮ್ಮಜ್ಜ ಬೈದರೆ ಬೈಸಿಕೋ. ಬೈಯಲು ಅವರಿಗೆ ಇನ್ನು ಹೆಚ್ಚು ದಿನ ಉಳಿದಿಲ್ಲ, ಆಮೇಲೆ ನೀನು ಬೇಕೆಂದರೂ ಆ ಬಾಯಿಂದ ಬೈಗುಳ ಸಿಗುವುದಿಲ್ಲ. ಒಂದನೇ ನಂಬರು ಇವತ್ತು ನಿನ್ನದು, ನಾಳೆ ಇನ್ನೊಬ್ಬರದು. ಅಜ್ಜನ ದನಿ ನಿನ್ನನ್ನು ಹೆಸರು ಹಿಡಿದು ಕರೆಯುವುದು ಮಾತ್ರ ಆ ಬುಧವಾರದ ತನಕ. ಬಾರದೆ ಹೋದರೆ ಆ ಕೊರಗು ನಿನ್ನನ್ನು ಜೀವಮಾನವಿಡೀ ತಿನ್ನುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದೆ.

ದೇವರು ನಿನ್ನ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಕಾಯಲಿ. ನಿನ್ನ ಜೊತೆ ಬ್ಯಾಂಡಿನಲ್ಲಿರುವ ಆ ಬಡಕಲು ಹುಡುಗರಿಗೂ ನನ್ನ ಆಶೀರ್ವಾದ, ಅವರನ್ನೂ ಕರೆದುಕೊಂಡು ಬಾ, ಗಂಬೋ ಸಾರು ಮಾಡಿ ಬಡಿಸುತ್ತೇನೆ. ಮಿಸ್ ಓಡೀಲ್ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅಮ್ಮ ಏನೂ ಹೇಳಿ ಕಳಿಸಲಿಲ್ಲ, ಆದರೆ ನಿನ್ನ ಮಂಚದ ಹಾಸನ್ನು ನಿನ್ನೆ ತೊಳೆದು ಹಾಕಿದ್ದಾಳೆ.

ನಿನ್ನನ್ನು ಎತ್ತಿ ಆಡಿಸಿದ
ಅಜ್ಜಿ ಲಿಯೋಂಟೀನ್

ಮ. ವಿ.: ನೆಟ್ಟಿಯ ಕಾರು ಬಾಗಿಲಿಗೆ ಬಂದಿದೆ, ಗಡಿಬಿಡಿಯಲ್ಲಿ ಹಾಳೆಯ ಹಿಂದೆ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ನಿಮ್ಮಜ್ಜನಿಗೆ ಓದಿ ಹೇಳಿದೆ. 'ಅವಸರಪಟ್ಟುಬಿಟ್ಟರು' ಎಂಬಲ್ಲಿ ನಿಲ್ಲಿಸು ಅಂದರು. ಆಮೇಲೆ ಹೇಳಿದರು. ಅವರು ಆವತ್ತು ಯಜಮಾನನ ಕೂಗು ಕೂಗಲೇ ಇಲ್ಲ. ಹ್ಯಾಟು ಇನ್ನೂ ಎದೆಯ ಮೇಲೇ ಇತ್ತಂತೆ. ನೀನು ಗಾಡಿಯ ಹಿಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಸಿಕೊಂಡು ಹೋಗುತ್ತಿದ್ದೆಯಂತೆ, ಮಂಡಿ ಟಾರಿಗೆ ತರಚಿ ರಕ್ತ ಬರುತ್ತಿತ್ತಂತೆ. ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಬೆರಳು ಬಿಡಿಸುತ್ತಾ "ಬಿಟ್ಬಿಡು ಅವನ್ನ, ಮಗಾ" ಅಂದದ್ದು ನಿನಗೆ. ಮುಂದೆ ಮುಖ ಮಾಡಿದ್ದ ಬ್ಯಾಂಡಿನವರು ಅದನ್ನೇ ಕರೆ ಎಂದುಕೊಂಡರು. 'ಮಗಾ' ಎಂಬುದು ಡ್ರಮ್ಮಿನಲ್ಲಿ ಮುಳುಗಿಹೋಯಿತು. ನಿಜ ಹೇಳಿದರೆ ವರ್ನೀಸಿಗೆ ಉಳಿದ ಒಬ್ಬ ಮಗನ ಮೇಲೆ ಸಿಟ್ಟು ಬರುತ್ತದೆಂದು ತಪ್ಪನ್ನು ತಾವೇ ಹೊತ್ತುಕೊಂಡರಂತೆ. ಬಾಯಲ್ಲಿ ಹೇಳಬೇಕೆಂದಿದ್ದು ಇದೇ. ಬರೆಯಬೇಡ ಅಂದರು, ನಾನು ಬರೆದುಬಿಟ್ಟೆ. ನಿನ್ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ನಮಗೆ ಗೊತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಾಳೆ. ನಿನ್ನ ಮೇಲೆ ಸಿಟ್ಟಾಗಲಿಲ್ಲ ಕಂದಾ. ಗೋಡೆ ಹಿಡಿದುಕೊಂಡು ಕೂತು, "ಇವನಾದ್ರೂ ಹಿಡ್ಕೊಂಡಿದ್ನಲ್ಲ" ಅಂದಳು.